ಅರುಂಧತಿಯನ್ನು ತೋರಿಸುವ ಬಗೆ

ನಕ್ಷತ್ರಗಳ ಪಾಠವೆಂದರೆ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಯಲ್ಲಿ ಬಹುಮಟ್ಟಿಗೆ ಒಂದು ಕೋಷ್ಟಕ. ಹೆಸರು, ದೂರ, ಬಣ್ಣ, ಉಷ್ಣತೆ, ಗಾತ್ರ ಎಂದು ಐದು ಕಾಲಂ. ಚಾರ್ಟು ಅಂದವಾಗಿರುತ್ತದೆ, ಮಕ್ಕಳು ಬರೆದುಕೊಳ್ಳುತ್ತಾರೆ, ಮೌಲ್ಯಮಾಪನದ ಪ್ರಶ್ನೆಗಳಿಗೆ ಉತ್ತರವೂ ಸರಿಯಾಗಿ ಬರುತ್ತದೆ. ಆದರೆ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಅಲ್ಲಿಗೆ ಯಾರೂ ಹೋಗಿಲ್ಲವಲ್ಲ ಸಾರ್, ಇದೆಲ್ಲ ಹೇಗೆ ಗೊತ್ತಾಯಿತು?" ಎಂದು ಕೇಳಿದರೆ ಆ ಚಾರ್ಟಿನಲ್ಲಿ ಉತ್ತರವಿರುವುದಿಲ್ಲ. "ವಿಜ್ಞಾನಿಗಳು ಕಂಡುಹಿಡಿದಿದ್ದಾರೆ, ಕೂತುಕೋ" ಎಂದು ಪಾಠ ಮುಂದುವರಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಪ್ರಶ್ನೆಯೇ ಪಾಠ. ಉಳಿದದ್ದು ಅದರ ಪೀಠಿಕೆ. ಹತ್ತು ನಕ್ಷತ್ರಗಳ ಕೋಷ್ಟಕವನ್ನು ಬಿಟ್ಟು ಒಂದೇ ಒಂದು ಮಸುಕು ನಕ್ಷತ್ರವನ್ನು ಹಿಡಿದರೆ ಈ ಪ್ರಶ್ನೆಗೆ ತರಗತಿಯಲ್ಲೇ ಉತ್ತರ ಕಟ್ಟಬಹುದು. ಆ ನಕ್ಷತ್ರ ಅರುಂಧತಿ.

ಅರುಂಧತಿಯ ಹೆಸರು ಗೊತ್ತಿಲ್ಲದ ಮಗು ನಮ್ಮಲ್ಲಿ ಕಡಿಮೆ. ಮದುವೆ ಮಂಟಪದ ಹೊರಗೆ ಮಟಮಟ ಮಧ್ಯಾಹ್ನ ಪುರೋಹಿತರು ಆಕಾಶದತ್ತ ಕೈ ತೋರಿಸುವುದನ್ನೂ, ವಧೂವರರು ಏನೂ ಕಾಣದೆ ತಲೆಯಾಡಿಸುವುದನ್ನೂ ಮಕ್ಕಳು ನೋಡಿರುತ್ತಾರೆ. ನಕ್ಷತ್ರವನ್ನು ನಿಜವಾಗಿ ಕಂಡವರು ಮಾತ್ರ ಕಡಿಮೆ. ಸಪ್ತರ್ಷಿ ಮಂಡಲದ ಬಾಲದಲ್ಲಿ ತುದಿಯಿಂದ ಎರಡನೆಯದು ವಸಿಷ್ಠ. ಅದಕ್ಕೆ ಅಂಟಿಕೊಂಡಂತೆ ಕಾಣುವ ಸಣ್ಣ ಚುಕ್ಕಿಯೇ ಅರುಂಧತಿ. ಖಗೋಳಶಾಸ್ತ್ರದ ಪುಸ್ತಕಗಳಲ್ಲಿ ಇವಕ್ಕೆ ಮಿಜಾರ್ ಮತ್ತು ಆಲ್ಕಾರ್ ಎಂಬ ಹೆಸರುಗಳಿವೆ. ಎರಡರ ನಡುವಿನ ಅಂತರ ಹುಣ್ಣಿಮೆ ಚಂದ್ರನ ಅಗಲದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಮೊದಲು ದೊಡ್ಡ ನಕ್ಷತ್ರವನ್ನು ತೋರಿಸಿ, ಆಮೇಲೆ ಕಣ್ಣನ್ನು ಚಿಕ್ಕದರ ಕಡೆಗೆ ಒಯ್ಯುವ ಈ ಕ್ರಮಕ್ಕೆ ನಮ್ಮ ಹಿರಿಯರು ಅರುಂಧತೀ ದರ್ಶನ ನ್ಯಾಯವೆಂದೇ ಹೆಸರಿಟ್ಟರು. ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಎಂದು ನಾವು ಬೋಧನಾ ಸೂತ್ರಗಳಲ್ಲಿ ಓದುವುದೂ ಇದನ್ನೇ.

ಇನ್ನು ಪಾಠಕ್ಕೆ ಬರೋಣ. ನಕ್ಷತ್ರಗಳ ಹೊಳಪನ್ನು ಕಾಂತಿಮಾನ ಎಂಬ ಅಂಕದಿಂದ ಹೇಳುತ್ತಾರೆ. ಅಂಕ ಹೆಚ್ಚಾದಷ್ಟೂ ನಕ್ಷತ್ರ ಮಸುಕು. ಒಳ್ಳೆಯ ಕತ್ತಲಿನಲ್ಲಿ ಬರಿಗಣ್ಣಿಗೆ ಸುಮಾರು 6ರವರೆಗೆ ಕಾಣುತ್ತದೆ. ವಸಿಷ್ಠನದು ಸುಮಾರು 2, ಅರುಂಧತಿಯದು 4. ಇಲ್ಲಿ ಮಕ್ಕಳನ್ನು ಕೇಳಬೇಕಾದ ಪ್ರಶ್ನೆ ಒಂದೇ: ಇದು ಮಸುಕಾಗಿ ಕಾಣುವುದು ದುರ್ಬಲವಾಗಿರುವುದರಿಂದಲೋ, ದೂರ ಇರುವುದರಿಂದಲೋ?

ದೂರ ತಿಳಿಯದೆ ಉತ್ತರವಿಲ್ಲ. ಹೆಬ್ಬೆರಳನ್ನು ಮುಂದೆ ಚಾಚಿ ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಹಿಂದಿನ ಗೋಡೆಯ ಮೇಲೆ ಸರಿದಂತೆ ಕಾಣುತ್ತದೆ. ಭೂಮಿ ಸೂರ್ಯನ ಆಚೆ ಈಚೆ ಹೋದಾಗ ಹತ್ತಿರದ ನಕ್ಷತ್ರವೂ ಹೀಗೆಯೇ ಸರಿಯುತ್ತದೆ. 1989ರಲ್ಲಿ ಹಾರಿದ ಹಿಪ್ಪಾರ್ಕಸ್ ಉಪಗ್ರಹ ಅಳೆದಂತೆ ಅರುಂಧತಿಯ ಈ ಸ್ಥಾನಪಲ್ಲಟ, ಅಂದರೆ ಆರು ತಿಂಗಳಲ್ಲಿ ಸರಿಯುವ ಕೋನದ ಅರ್ಧ, ಸುಮಾರು 0.04 ಕೋನ ಸೆಕೆಂಡ್. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಕೋನ ಸೆಕೆಂಡ್. ಹತ್ತು ರೂಪಾಯಿ ನಾಣ್ಯವನ್ನು ಸುಮಾರು 140 ಕಿಲೋಮೀಟರ್ ಆಚೆ ಇಟ್ಟು ನೋಡಿದರೆ ಅದರ ಅಗಲ ಇಷ್ಟಿರುತ್ತದೆ. ಒಂದನ್ನು 0.04ರಿಂದ ಭಾಗಿಸಿದರೆ 25 ಪಾರ್ಸೆಕ್, ಪಾರ್ಸೆಕ್‌ಗೆ 3.26 ಜ್ಯೋತಿರ್ವರ್ಷದಂತೆ ದೂರ ಸುಮಾರು 82 ಜ್ಯೋತಿರ್ವರ್ಷ. ಕಪ್ಪುಹಲಗೆಯ ಮೇಲೆ ಎರಡು ಸಾಲಿನ ಲೆಕ್ಕ ಇದು.

ಈಗ ನಮ್ಮ ಸೂರ್ಯನನ್ನು ಒಯ್ದು ಅರುಂಧತಿಯ ಪಕ್ಕದಲ್ಲಿ ಇಟ್ಟೆವೆಂದುಕೊಳ್ಳೋಣ. ಅಷ್ಟು ದೂರದಿಂದ ಅವನ ಕಾಂತಿಮಾನ 6.8, ಬರಿಗಣ್ಣಿಗೆ ಅವನು ಕಾಣುವುದೇ ಇಲ್ಲ! ಒಂದೊಂದು ಅಂಕಕ್ಕೆ ಹೊಳಪು ಸುಮಾರು ಎರಡೂವರೆ ಪಟ್ಟು ಬದಲಾಗುವುದರಿಂದ 2.8 ಅಂಕಗಳ ವ್ಯತ್ಯಾಸವೆಂದರೆ ಸುಮಾರು 13 ಪಟ್ಟು. ಕಣ್ಣು ಕಿರಿದುಮಾಡಿ ಹುಡುಕಬೇಕಾದ ಈ ಚುಕ್ಕಿ ನಮ್ಮ ಸೂರ್ಯನ 13 ಪಟ್ಟು ಬೆಳಕು ಚೆಲ್ಲುತ್ತಿದೆ. ಇದನ್ನು ಕೋಷ್ಟಕದಲ್ಲಿ ಓದುವುದಕ್ಕೂ ತಾನೇ ಲೆಕ್ಕ ಹಾಕಿ ಕಂಡುಕೊಳ್ಳುವುದಕ್ಕೂ ಇರುವ ಅಂತರವನ್ನು ಮಗುವಿನ ಮುಖದಲ್ಲೇ ನೋಡಬಹುದು.

ಉಷ್ಣತೆಯನ್ನು ಹೇಳುವುದು ಬಣ್ಣ ಮತ್ತು ರೋಹಿತ. ಕುಲುಮೆಯ ಕಬ್ಬಿಣ ಕೆಂಪಿನಿಂದ ಬಿಳಿಗೆ ತಿರುಗುವುದು ಮಕ್ಕಳಿಗೆ ಗೊತ್ತು. ಬೆಳ್ಳಗಿನ ಅರುಂಧತಿಯ ಮೇಲ್ಮೈ ಸುಮಾರು 8,000 ಕೆಲ್ವಿನ್, ಸೂರ್ಯನದು ಸುಮಾರು 5,800. ಹೊರಸೂಸುವ ಶಕ್ತಿ ಉಷ್ಣತೆಯ ನಾಲ್ಕನೆಯ ಘಾತದಂತೆ ಏರುವುದರಿಂದ ಪ್ರತಿ ಚದರ ಮೀಟರ್ ಸೂರ್ಯನ ಸುಮಾರು 3.6 ಪಟ್ಟು ಶಕ್ತಿ ಕೊಡುತ್ತದೆ. ಒಟ್ಟು 13 ಪಟ್ಟು ಆಗಬೇಕಾದರೆ ಮೇಲ್ಮೈ ಮೂರೂವರೆ ಪಟ್ಟಿಗಿಂತ ಹೆಚ್ಚಿರಬೇಕು, ವ್ಯಾಸ ಸುಮಾರು 1.9 ಪಟ್ಟು. ಯಾರೂ ಅಳತೆಪಟ್ಟಿ ಹಿಡಿದು ಹೋಗದೆ ಗಾತ್ರವೂ ಸಿಕ್ಕಿತು. ರೋಹಿತದ ರೇಖೆಗಳು ಅಗಲವಾಗಿ ಹರಡಿರುವುದರಿಂದ ಅದು ಸೆಕೆಂಡಿಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಿರುಗುತ್ತಿದೆ ಎಂದೂ ತಿಳಿಯುತ್ತದೆ. ಸೂರ್ಯನ ಸಮಭಾಜಕದಲ್ಲಿ ಈ ವೇಗ ಕೇವಲ 2 ಕಿಲೋಮೀಟರ್.

ಕೋಷ್ಟಕ ಮುಚ್ಚಿಡುವ ಇನ್ನೊಂದು ಸಂಗತಿಯಿದೆ. 2009ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಅರುಂಧತಿಯ ಮಗ್ಗುಲಲ್ಲಿ ಒಂದು ಕೆಂಪು ಕುಬ್ಜ ನಕ್ಷತ್ರವನ್ನು ಕಂಡವು. ಸಾವಿರಾರು ವರ್ಷ ಜನ ನೋಡುತ್ತಲೇ ಬಂದ ನಕ್ಷತ್ರಕ್ಕೆ ಒಬ್ಬ ಜೊತೆಗಾರನಿದ್ದ! ಅರುಂಧತಿಯ ಬಗ್ಗೆ ತಿಳಿಯಬೇಕಾದ್ದು ಇನ್ನೂ ಉಳಿದಿರಬಹುದು ಎಂಬ ಭಾವನೆ ಮಗುವಿಗೆ ಬಂದರೆ ಪಾಠ ಫಲಿಸಿದಂತೆ.

ಇದಕ್ಕೆಲ್ಲ ಸಮಯವೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. 40 ನಿಮಿಷದ ಅವಧಿಯಲ್ಲಿ ಪೀಠಿಕೆಯಿಂದ ಗೃಹಪಾಠದವರೆಗೆ ಮುಗಿಸಬೇಕು, ವೀಕ್ಷಕರು ಹಿಂದೆ ಕುಳಿತಿರುತ್ತಾರೆ. ಆದರೆ ಹತ್ತು ನಕ್ಷತ್ರಗಳಿಗೆ ಕೊಡುವ ಎರಡು ಅವಧಿಗಳನ್ನು ಒಂದಕ್ಕೇ ಕೊಟ್ಟರೆ ಹೆಚ್ಚುವರಿ ಸಮಯ ಬೇಕಾಗದು. ನಾಲ್ಕನೆಯ ಘಾತದ ಲೆಕ್ಕ ಎಂಟನೆಯ ತರಗತಿಗೆ ಭಾರವೆನಿಸಿದರೆ ದೂರ ಮತ್ತು ಹೊಳಪಿನಲ್ಲೇ ನಿಲ್ಲಿಸಬಹುದು. ನೋಡುವ ಕೆಲಸ ಗೃಹಪಾಠವಾಗಲಿ: ಫೆಬ್ರವರಿಯಲ್ಲಿ ಬೆಳಗಿನ ಜಾವ 5 ಗಂಟೆಗೆ ಉತ್ತರಕ್ಕೆ ಮುಖಮಾಡಿ ನಿಂತರೆ ಸಪ್ತರ್ಷಿ ಮಂಡಲ ಸಾಕಷ್ಟು ಎತ್ತರದಲ್ಲಿರುತ್ತದೆ. ಬೀದಿದೀಪದಿಂದ ದೂರ ನಿಲ್ಲಬೇಕು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬಿಡಬೇಕು. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡರೆ ಕಥೆಯೂ ಸಿಗುತ್ತದೆ. ಕಥೆಯನ್ನು ಹೀಗಳೆಯುವ ಅಗತ್ಯ ಶಿಕ್ಷಕರಿಗಿಲ್ಲ. ಮಗುವನ್ನು ಆ ಚುಕ್ಕಿಯವರೆಗೆ ಕರೆತಂದದ್ದೇ ಅದು.

ಮಾರ್ಗದರ್ಶಕ ಶಿಕ್ಷಕರಲ್ಲಿ ನನ್ನದೊಂದು ಸಲಹೆ. ಪಾಠಯೋಜನೆಯ ನಮೂನೆಯಲ್ಲಿ ಬೋಧನಾಂಶದ ಪಕ್ಕದಲ್ಲಿ "ಹೇಗೆ ಗೊತ್ತು?" ಎಂಬ ಒಂದು ಕಾಲಂ ಸೇರಿಸೋಣ. ಅದನ್ನು ತುಂಬಲಾಗದ ಅಂಕಿಯನ್ನು ಪ್ರಶಿಕ್ಷಣಾರ್ಥಿ ಆ ದಿನ ಚಾರ್ಟಿನಲ್ಲಿ ಬರೆಯುವುದು ಬೇಡ. ಚಾರ್ಟು ಸ್ವಲ್ಪ ಖಾಲಿ ಕಂಡೀತು. ಹಿಂದಿನ ಬೆಂಚಿನ ಹುಡುಗ ಮಾತ್ರ ಉತ್ತರವಿಲ್ಲದೆ ಕೂರಬೇಕಾಗಿ ಬರುವುದಿಲ್ಲ.