ಶಾಲೆಯ ಗಡಿ ಬದಲಾಗಲಿ, ಮಕ್ಕಳು ಒಟ್ಟಿಗೆ ಓದಲಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡ ತಂದೆತಾಯಂದಿರಲ್ಲಿ ಒಂದು ಮನವಿ

ಮನೆ ಕೊಳ್ಳುವಾಗ ನಾವೆಲ್ಲ ಮೊದಲು ವಿಚಾರಿಸುವುದು ಸ್ಕೂಲ್ ಡಿಸ್ಟ್ರಿಕ್ಟ್ ಯಾವುದು ಎಂದು. ರೇಟಿಂಗ್ ಒಂಬತ್ತೋ ಹತ್ತೋ ಇದ್ದರೆ ಸಾಲ ಹೆಚ್ಚಾದರೂ ಚಿಂತೆಯಿಲ್ಲ ಎನ್ನುತ್ತೇವೆ. ಮಕ್ಕಳ ಓದು ನಮಗೆ ಎಲ್ಲಕ್ಕಿಂತ ಮೇಲು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಾಲೆಗಳ ಗಡಿ ಬದಲಿಸಿ, ಕಪ್ಪು ಜನಾಂಗದ ಮಕ್ಕಳು, ಬಡ ಬಡಾವಣೆಯ ಮಕ್ಕಳು, ನಮ್ಮ ಮಕ್ಕಳು ಎಲ್ಲರೂ ಒಂದೇ ಶಾಲೆಗೆ ಬರುವಂತೆ ಮಾಡುತ್ತೇವೆ ಎಂದು ಸ್ಕೂಲ್ ಬೋರ್ಡ್ ಹೇಳಿದ ಕೂಡಲೇ ವಿರೋಧದ ಅರ್ಜಿಗಳು ಓಡಾಡತೊಡಗುತ್ತವೆ. ಅವುಗಳಲ್ಲಿ ನಮ್ಮವರ ಸಹಿಗಳೂ ಇರುತ್ತವೆ. ಕೇಳಿದರೆ ಬರುವ ಉತ್ತರ: "ಇದನ್ನೆಲ್ಲ ಹಿಂದೆಯೇ ಮಾಡಿ ನೋಡಿದ್ದಾರೆ, ಸೋತಿದೆ."

ಸೋತಿಲ್ಲ. ಪೂರ್ತಿಯಾಗಿ ಮಾಡಿದ ಕಡೆ ಗೆದ್ದಿದೆ. ಜನರ ಇಷ್ಟಕ್ಕೆ ಬಿಟ್ಟ ಕಡೆ, ಅರ್ಧದಲ್ಲಿ ಕೈಬಿಟ್ಟ ಕಡೆ ಕೆಟ್ಟಿದೆ. ಎಪ್ಪತ್ತು ವರ್ಷಗಳ ದಾಖಲೆ ನಮ್ಮ ಮುಂದಿದೆ. ಸಹಿ ಹಾಕುವ ಮುನ್ನ ದಯವಿಟ್ಟು ಓದಿ.

ತೀರ್ಪು ಬಂತು, ಶಾಲೆ ಬದಲಾಗಲಿಲ್ಲ

1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ 'ಬ್ರೌನ್' ಮೊಕದ್ದಮೆಯಲ್ಲಿ ಒಮ್ಮತದ ತೀರ್ಪು ಕೊಟ್ಟಿತು: ಬಣ್ಣ ನೋಡಿ ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಕಳಿಸುವುದು ಸಂವಿಧಾನಕ್ಕೆ ವಿರುದ್ಧ. ಆದರೆ ಮರುವರ್ಷ ಬಂದ ಜಾರಿಯ ಆದೇಶದಲ್ಲಿ ಗಡುವೇ ಇರಲಿಲ್ಲ. ದಕ್ಷಿಣದ ರಾಜ್ಯಗಳಿಗೆ ಬೇಕಾದದ್ದೂ ಅದೇ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಕಪ್ಪು ಮಕ್ಕಳ ಜೊತೆ ಬಿಳಿಯ ಮಕ್ಕಳನ್ನು ಕೂರಿಸುವುದಕ್ಕಿಂತ ಶಾಲೆಯನ್ನೇ ಮುಚ್ಚುವುದು ಲೇಸೆಂದು 1959ರಿಂದ 1964ರವರೆಗೆ ಸಾರ್ವಜನಿಕ ಶಾಲೆಗಳಿಗೆಲ್ಲ ಬೀಗ ಹಾಕಿದರು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು. ಕಪ್ಪು ಮಕ್ಕಳಲ್ಲಿ ಬಹುಪಾಲು ಜನರ ಐದು ವರ್ಷದ ಓದು ಮಣ್ಣುಪಾಲಾಯಿತು.

ಬಾಗಿಲು ಮುಚ್ಚದ ಕಡೆ ಇನ್ನೊಂದು ಉಪಾಯ ಹೂಡಿದರು: "ಯಾವ ಶಾಲೆ ಬೇಕೋ ನೀವೇ ಆರಿಸಿಕೊಳ್ಳಿ." ಕೇಳಲು ನ್ಯಾಯವಾಗಿಯೇ ಇದೆ. ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿಯಲ್ಲಿ ಇದ್ದದ್ದು ಎರಡೇ ಶಾಲೆ, ಒಂದು ಬಿಳಿಯರದು, ಒಂದು ಕಪ್ಪು ಜನರದು. ಮೂರು ವರ್ಷದಲ್ಲಿ ಒಂದೇ ಒಂದು ಬಿಳಿಯ ಮಗುವೂ ಕಪ್ಪು ಮಕ್ಕಳ ಶಾಲೆಯನ್ನು ಆರಿಸಿಕೊಳ್ಳಲಿಲ್ಲ. ಕಪ್ಪು ಮಕ್ಕಳಲ್ಲಿ ಶೇ. 85ರಷ್ಟು ಇದ್ದಲ್ಲೇ ಉಳಿದರು. ತಲೆತಲಾಂತರದ ಭಯ ಮತ್ತು ಮೇಲು-ಕೀಳುಗಳ ನಡುವೆ 'ಆಯ್ಕೆ' ಎನ್ನುವುದು ಹಳೆಯ ಗೋಡೆಯನ್ನೇ ಕಾಯಿತು. 1968ರಲ್ಲಿ ಸುಪ್ರೀಂ ಕೋರ್ಟ್ ಈ ಉಪಾಯವನ್ನು ತಳ್ಳಿಹಾಕಿ, ಈಗಲೇ ಫಲ ಕಾಣುವ ಯೋಜನೆ ತನ್ನಿ ಎಂದಿತು.

ಗಟ್ಟಿಯಾಗಿ ಮಾಡಿದಾಗ ಏನಾಯಿತು?

1964ರ ನಾಗರಿಕ ಹಕ್ಕು ಕಾಯ್ದೆಯು ಭೇದ ಮಾಡುವ ಶಾಲೆಗಳಿಗೆ ಕೇಂದ್ರದ ಹಣ ನಿಲ್ಲಿಸುವ ಅಧಿಕಾರ ಕೊಟ್ಟಿತು. ಮರುವರ್ಷ ಶಿಕ್ಷಣಕ್ಕೆ ಕೇಂದ್ರದ ದೊಡ್ಡ ಅನುದಾನ ಬಂದಾಗ ಆ ಅಧಿಕಾರಕ್ಕೆ ಹಲ್ಲು ಮೂಡಿತು. 1971ರಲ್ಲಿ ನಾರ್ತ್ ಕ್ಯಾರೊಲಿನಾದ ಷಾರ್ಲಟ್ ನಗರದ ಮೊಕದ್ದಮೆಯಲ್ಲಿ, ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸಿಯಾದರೂ ಬೆರೆಸಬಹುದು ಎಂದು ಕೋರ್ಟ್ ಒಪ್ಪಿತು. 1964ರ ಸುಮಾರಿಗೆ ದಕ್ಷಿಣದಲ್ಲಿ ಬಿಳಿಯರ ಜೊತೆ ಓದುತ್ತಿದ್ದ ಕಪ್ಪು ಮಕ್ಕಳು ನೂರಕ್ಕೆ ಮೂವರೂ ಇರಲಿಲ್ಲ. 1988ರ ಹೊತ್ತಿಗೆ ಬಿಳಿಯರೇ ಹೆಚ್ಚಿರುವ ಶಾಲೆಗಳಲ್ಲಿ ಓದುತ್ತಿದ್ದವರು ನೂರಕ್ಕೆ ನಲವತ್ತಕ್ಕಿಂತ ಹೆಚ್ಚು.

ಷಾರ್ಲಟ್‌ನಲ್ಲಿ ನಗರ ಮತ್ತು ಸುತ್ತಲ ಕೌಂಟಿ ಎರಡೂ ಸೇರಿ ಒಂದೇ ಡಿಸ್ಟ್ರಿಕ್ಟ್. ಮನೆ ಬದಲಿಸಿ ತಪ್ಪಿಸಿಕೊಳ್ಳುವ ದಾರಿ ಕಡಿಮೆ. ಹಾಗಾಗಿ ಜಗಳವಾಡುತ್ತಲೇ ಊರಿನವರು ಒಟ್ಟಿಗೆ ಕುಳಿತು ಯೋಜನೆ ತಿದ್ದಿದರು, ಅದನ್ನು ತಮ್ಮದಾಗಿಸಿಕೊಂಡರು. 1984ರಲ್ಲಿ ಅಧ್ಯಕ್ಷ ರೇಗನ್ ಅಲ್ಲಿಗೇ ಬಂದು ಬಸ್ಸಿನ ಯೋಜನೆ ಸೋತಿದೆ ಎಂದು ಭಾಷಣ ಮಾಡಿದಾಗ ಸಭೆ ಚಪ್ಪಾಳೆ ತಟ್ಟಲಿಲ್ಲ. ಊರಿನ ಪತ್ರಿಕೆ ಮರುದಿನ ಸಂಪಾದಕೀಯ ಬರೆದು, ನಿಮ್ಮ ಮಾತು ತಪ್ಪು ಎಂದು ಅವರಿಗೇ ಹೇಳಿತು.

ಮಕ್ಕಳ ಕಲಿಕೆ ಏನಾಯಿತು? ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಹದಿಮೂರು ವರ್ಷದ ಮಕ್ಕಳ ಓದುವ ಸಾಮರ್ಥ್ಯದಲ್ಲಿ ಬಿಳಿಯ ಮತ್ತು ಕಪ್ಪು ಮಕ್ಕಳ ನಡುವೆ 1971ರಲ್ಲಿ 39 ಅಂಕಗಳ ಅಂತರವಿತ್ತು. 1988ರಲ್ಲಿ ಅದು 18ಕ್ಕೆ ಇಳಿಯಿತು. ಇದಕ್ಕೆ ಬೇರೆ ಕಾರಣಗಳೂ ಸೇರಿರಬಹುದು. ಅದಕ್ಕೇ ಅರ್ಥಶಾಸ್ತ್ರಜ್ಞ ರಕರ್ ಜಾನ್ಸನ್ ಅವರ ಅಧ್ಯಯನ ಮುಖ್ಯ. 1945ರಿಂದ 1968ರ ನಡುವೆ ಹುಟ್ಟಿದವರ ಬದುಕನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿ, ಒಟ್ಟಿಗೆ ಓದಿದವರನ್ನೂ ಓದದವರನ್ನೂ ಅವರು ಹೋಲಿಸಿದರು. ಒಟ್ಟಿಗೆ ಓದಿದ ಕಪ್ಪು ಮಕ್ಕಳು ಹೆಚ್ಚು ವರ್ಷ ಓದಿದರು, ಹೆಚ್ಚು ಗಳಿಸಿದರು, ಬಡತನಕ್ಕೆ, ಜೈಲಿಗೆ ಬಿದ್ದವರು ಕಡಿಮೆ, ಆರೋಗ್ಯವೂ ಉತ್ತಮ. ಬಿಳಿಯ ಮಕ್ಕಳ ಓದು, ಗಳಿಕೆ ಯಾವುದಕ್ಕೂ ಧಕ್ಕೆಯಾಗಲಿಲ್ಲ.

ಕಾರಣದಲ್ಲಿ ಗುಟ್ಟೇನಿಲ್ಲ. ಹಣ, ಚಿಕ್ಕ ತರಗತಿ, ಒಳ್ಳೆಯ ಪ್ರಯೋಗಶಾಲೆ ಎಲ್ಲವೂ ಪ್ರಭಾವಿ ಪೋಷಕರ ಮಕ್ಕಳು ಇರುವ ಕಡೆ ಹೋಗುತ್ತವೆ. ಎಲ್ಲರ ಮಕ್ಕಳೂ ಒಂದೇ ಶಾಲೆಯಲ್ಲಿದ್ದರೆ ಅವು ಎಲ್ಲರಿಗೂ ಸಿಗುತ್ತವೆ.

ಎಲ್ಲಿ ಮುರಿಯಿತು?

1974ರಲ್ಲಿ ಡೆಟ್ರಾಯಿಟ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಉಪನಗರದ ಡಿಸ್ಟ್ರಿಕ್ಟ್‌ಗಳನ್ನು ಯೋಜನೆಯಿಂದ ಹೊರಗಿಟ್ಟಿತು. ಅಂದಿನಿಂದ ಡಿಸ್ಟ್ರಿಕ್ಟ್ ಗಡಿಯೇ ಹೊಸ ಗೋಡೆ. ಗಡಿ ದಾಟಿ ಮನೆ ಮಾಡಲು ಶಕ್ತಿಯಿದ್ದವರು ದಾಟಿದರು. ಅದೇ ವರ್ಷ ಬಾಸ್ಟನ್‌ನಲ್ಲಿ ಬಡ ಕಪ್ಪು ಬಡಾವಣೆ ರಾಕ್ಸ್‌ಬರಿಯನ್ನೂ ಬಡ ಬಿಳಿಯರ ಸೌತ್ ಬಾಸ್ಟನ್ನನ್ನೂ ಜೋಡಿಸಿದರು, ಸಿರಿವಂತ ಉಪನಗರಗಳನ್ನು ಮುಟ್ಟಲಿಲ್ಲ. ಮಕ್ಕಳ ಬಸ್ಸಿನ ಮೇಲೆ ಕಲ್ಲು ಬಿತ್ತು. ಸೋಲಿನ ಉದಾಹರಣೆಯೆಂದು ಎಲ್ಲರೂ ಎತ್ತಿ ತೋರಿಸುವುದು ಆ ಅರೆಬರೆ ಯೋಜನೆಯನ್ನು.

ಷಾರ್ಲಟ್‌ನಲ್ಲೂ ಕೋರ್ಟಿನ ಆದೇಶ ತೆರವಾಗಿ, 2002ರಿಂದ ಬಡಾವಣೆಗೆ ತಕ್ಕಂತೆ ಶಾಲೆ ಎಂಬ ಪದ್ಧತಿ ಬಂತು. ಶಾಲೆಗಳು ಮತ್ತೆ ಬಣ್ಣದ ಪ್ರಕಾರ ಒಡೆದವು. ಆ ಬದಲಾವಣೆಯನ್ನು ಅಭ್ಯಸಿಸಿದ ಸಂಶೋಧಕರು, ಅಲ್ಪಸಂಖ್ಯಾತ ಮಕ್ಕಳೇ ತುಂಬಿದ ಶಾಲೆಗೆ ಬಿದ್ದವರ ಅಂಕಗಳು ಇಳಿದದ್ದನ್ನು, ಅಂಥ ಶಾಲೆಗಳಿಗೆ ಹೋದ ಅಲ್ಪಸಂಖ್ಯಾತ ಗಂಡುಹುಡುಗರಲ್ಲಿ ಅಪರಾಧ ಹೆಚ್ಚಿದ್ದನ್ನು ಕಂಡರು.

ಆಕ್ಷೇಪಗಳಿಗೆ ಉತ್ತರ

"ಎಳೆಯ ಮಕ್ಕಳನ್ನು ದೂರದ ಬಸ್ಸಿಗೆ ಹತ್ತಿಸಬೇಕೇ?" 1969-70ರಲ್ಲೇ ದೇಶದ ಸಾರ್ವಜನಿಕ ಶಾಲೆಗಳ ಮಕ್ಕಳಲ್ಲಿ ಸುಮಾರು ಶೇ. 39ರಷ್ಟು ಬಸ್ಸಿನಲ್ಲಿ ಹೋಗುತ್ತಿದ್ದರು. ಕ್ಯಾನ್ಸಸ್‌ನ ಟೊಪೀಕಾದ ಪುಟ್ಟ ಹುಡುಗಿ ಲಿಂಡಾ ಬ್ರೌನ್ ಮನೆ ಹತ್ತಿರದ ಬಿಳಿಯರ ಶಾಲೆಯನ್ನು ದಾಟಿ ದೂರದ ಶಾಲೆಗೆ ಬಸ್ಸು ಹಿಡಿಯಬೇಕಾಗಿತ್ತು. ಅವಳ ತಂದೆಯ ಹೆಸರಿನಲ್ಲೇ ಆ ಮೊಕದ್ದಮೆ. ಬೇರ್ಪಡಿಸಲು ಬಸ್ಸು ಓಡಿಸಿದವರಿಗೆ ಆಗ ದೂರ ಎನಿಸಲಿಲ್ಲ.

"ಕಪ್ಪು ಜನರಿಗೂ ನಷ್ಟವಾಯಿತಲ್ಲ?" ಆಯಿತು, ಅದನ್ನು ಮರೆಮಾಚಬಾರದು. ಶಾಲೆಗಳನ್ನು ಒಂದು ಮಾಡುವಾಗ ಮುಚ್ಚಿದ್ದು ಹೆಚ್ಚಾಗಿ ಕಪ್ಪು ಮಕ್ಕಳ ಶಾಲೆ. ಸಾವಿರಾರು ಕಪ್ಪು ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಉದ್ದದ ಪ್ರಯಾಣ ಬಹುಪಾಲು ಕಪ್ಪು ಮಕ್ಕಳ ಪಾಲಿಗೇ ಬಂತು. ಒಳಗೆ ಹೋದ ಮೇಲೂ ಮೇಲ್ಮಟ್ಟದ ತರಗತಿಗಳಲ್ಲಿ ಬಿಳಿಯರು, ಕೆಳಮಟ್ಟದವುಗಳಲ್ಲಿ ಕಪ್ಪು ಮಕ್ಕಳು ಎಂಬಂತಾಯಿತು. ಇವೆಲ್ಲ ಬೆರೆಸಿದ್ದರ ದೋಷವಲ್ಲ, ಭಾರವನ್ನೆಲ್ಲ ಒಬ್ಬರ ಹೆಗಲಿಗೇ ಹೊರಿಸಿದ್ದರ ದೋಷ. ಮುಂದಿನ ಯೋಜನೆ ಇದನ್ನು ಸರಿಪಡಿಸಬೇಕು.

"ಇದರಲ್ಲಿ ನಮ್ಮದೇನಿದೆ?" ಬಹಳ ಇದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತ್ತು ಇದೇ ಸುಪ್ರೀಂ ಕೋರ್ಟ್. 1927ರಲ್ಲಿ ಮಿಸಿಸಿಪಿಯ ಚೀನೀ ಬಾಲಕಿ ಮಾರ್ಥಾ ಲಮ್‌ಗೆ ಬಿಳಿಯರ ಶಾಲೆಯ ಪ್ರವೇಶ ನಿರಾಕರಿಸಿದ್ದನ್ನು ಎತ್ತಿಹಿಡಿಯಿತು. ಇಂಥ ಕಾಲವನ್ನು ಕೊನೆಗಾಣಿಸಿದ್ದು ಕಪ್ಪು ಜನರ ಹೋರಾಟ. ಆ ಹೋರಾಟದ ಅಲೆಯಲ್ಲೇ 1965ರ ವಲಸೆ ಕಾಯ್ದೆ ಬಂತು. ಮೈಸೂರಿನಿಂದ, ಧಾರವಾಡದಿಂದ, ಮಂಗಳೂರಿನಿಂದ ನಮ್ಮವರು ಇಲ್ಲಿಗೆ ಬರಲು ಬಾಗಿಲು ತೆರೆದದ್ದು ಅದರಿಂದಲೇ. ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕುಳಿತು ಓದಿದ ಅಂಬೇಡ್ಕರ್ ಅವರನ್ನು ನಮ್ಮ ಸಭೆಗಳಲ್ಲಿ ನೆನೆಯುತ್ತೇವೆ. ಇಲ್ಲಿನ ಮಕ್ಕಳನ್ನು ಬೇರೆ ಕೂರಿಸುವ ಅರ್ಜಿಗೆ ನಾವು ಸಹಿ ಹಾಕಬಹುದೇ?

ನಾವು ಮಾಡಬೇಕಾದದ್ದು

ಸುಪ್ರೀಂ ಕೋರ್ಟಿನ 2007ರ ತೀರ್ಪಿನ ಬಳಿಕ ಒಂದೊಂದು ಮಗುವನ್ನೂ ಬಣ್ಣ ನೋಡಿ ಶಾಲೆಗೆ ಹಂಚುವುದು ಕಷ್ಟ. ಆದರೂ ದಾರಿಗಳಿವೆ. ನಾರ್ತ್ ಕ್ಯಾರೊಲಿನಾದಲ್ಲೇ, ನಮ್ಮವರು ಬಹಳ ಮಂದಿ ಇರುವ ರಾಲೀ, ಕ್ಯಾರಿ ಊರುಗಳ ವೇಕ್ ಕೌಂಟಿಯಲ್ಲಿ 2000ದಿಂದ ಸುಮಾರು ಹತ್ತು ವರ್ಷ, ರಿಯಾಯಿತಿ ಊಟಕ್ಕೆ ಅರ್ಹರಾದ ಬಡ ಮನೆಯ ಮಕ್ಕಳು ಯಾವ ಶಾಲೆಯಲ್ಲೂ ಶೇ. 40 ಮೀರದಿರಲಿ ಎಂಬ ಗುರಿ ಇಟ್ಟುಕೊಂಡಿದ್ದರು. 2009ರ ಬೋರ್ಡ್ ಚುನಾವಣೆಯಲ್ಲಿ ಬಹುಮತ ಬದಲಾಯಿತು, ಮರುವರ್ಷ ನೀತಿ ಹೋಯಿತು. ಬೋರ್ಡ್ ಚುನಾವಣೆ ಎಷ್ಟು ಮುಖ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1. ಗಡಿ ಬದಲಾವಣೆಯ ಸಭೆಗೆ ಹೋಗಿ, ಬೆರೆಸುವ ಯೋಜನೆಯ ಪರವಾಗಿ ಮಾತನಾಡಿ. ವಿರೋಧಿಸುವವರು ಹೇಗೂ ಬಂದಿರುತ್ತಾರೆ.

2. ಹೊಸ ಶಾಲೆಯ ಕಟ್ಟಡ ಎರಡು ಬಗೆಯ ಬಡಾವಣೆಗಳ ನಡುವೆ ಬರಲಿ, ವಿಶೇಷ ಪಾಠಗಳಿಂದ ಬೇರೆ ಬೇರೆ ಬಡಾವಣೆಯ ಮಕ್ಕಳನ್ನು ಸೆಳೆಯುವ ಮ್ಯಾಗ್ನೆಟ್ ಶಾಲೆಗಳ ಸೀಟು ಹೆಚ್ಚಲಿ ಎಂದು ಒತ್ತಾಯಿಸಿ.

3. ಬಸ್ಸಿನ ಪ್ರಯಾಣ ಎರಡೂ ಕಡೆಯ ಮಕ್ಕಳಿಗೆ ಸಮನಾಗಿ ಹಂಚಿಕೆಯಾಗಲಿ ಎಂದು ಕೇಳಿ.

4. ಮೇಲ್ಮಟ್ಟದ ತರಗತಿಗಳಿಗೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಿ ಸೇರಿಸಲಿ, ಕಪ್ಪು ಶಿಕ್ಷಕರನ್ನು ನೇಮಿಸಲಿ ಎಂದು ಹೇಳಿ.

5. ರೇಟಿಂಗ್ ಒಂದನ್ನೇ ನಂಬಬೇಡಿ. ಶಾಲೆಗೆ ಹೋಗಿ, ತರಗತಿ ನೋಡಿ, ಶಿಕ್ಷಕರ ಜೊತೆ ಮಾತನಾಡಿ.

6. ಪೌರತ್ವವಿದ್ದವರು ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ತಪ್ಪದೆ ಮತ ಹಾಕಿ. ಇಲ್ಲದವರೂ ಸಭೆಯಲ್ಲಿ ಮಾತನಾಡಬಹುದು, ಬೋರ್ಡಿಗೆ ಪತ್ರ ಬರೆಯಬಹುದು.

ಬಂಧುಗಳೇ, ಒಟ್ಟಿಗೆ ಓದಿದ್ದರಿಂದ ಯಾರ ಮಕ್ಕಳೂ ಹಾಳಾಗಲಿಲ್ಲ. ಬೇರೆ ಮಾಡಿದ್ದರಿಂದ ತಲೆಮಾರುಗಳೇ ಹಾಳಾದವು. ಮುಂದಿನ ಬಾರಿ ವಿರೋಧದ ಅರ್ಜಿ ನಿಮ್ಮ ಮುಂದೆ ಬಂದಾಗ ಸಹಿ ಹಾಕಬೇಡಿ. ಬೋರ್ಡಿನ ಸಭೆ ಯಾವಾಗ ಎಂದು ವಿಚಾರಿಸಿ, ನೆರೆಯ ಮನೆಯವರನ್ನೂ ಕರೆದುಕೊಂಡು ಹೋಗಿ.

— ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಕೆಲವು ಕನ್ನಡ ತಂದೆತಾಯಂದಿರು

(ಓದಿ, ಇನ್ನೊಬ್ಬರಿಗೆ ದಾಟಿಸಿ)