ಚುರುಕಿಗೆ ತೆತ್ತ ಬೆಲೆ

ಮಣ್ಣಿನ ಹಾದಿಗೆಂದು ರೂಪಿಸಿದ ಎತ್ತರದ ಬೈಕಿಗೆ ಡಾಂಬರು ರಸ್ತೆಯ 17 ಅಂಗುಲದ ಚಕ್ರಗಳನ್ನು ತೊಡಿಸಿದರೆ ಅದು ಸೂಪರ್‌ಮೋಟೋ. 1979ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಟಿ.ವಿ.ಗಾಗಿ ಏರ್ಪಡಿಸಿದ್ದ ಸ್ಪರ್ಧೆಯೊಂದು ಈ ಬಗೆಯ ಬೈಕ್ ಓಟಕ್ಕೆ ನಾಂದಿಯಾಯಿತು. ಅಂಥದೊಂದು ಬೈಕು ನನ್ನಲ್ಲಿದೆ. ತಿರುವುಗಳಲ್ಲಿ ಅದು ಇನ್ನಷ್ಟು ಚುರುಕಾಗಲೆಂದು ಕಳೆದ ವರ್ಷ ಗ್ಯಾರೇಜೊಂದರಲ್ಲಿ ಹಿಂಬದಿಯ ಸಸ್ಪೆನ್ಷನ್ ಮಾರ್ಪಡಿಸಿಕೊಂಡೆ.

ಮಾಡಿದ್ದು ಇಷ್ಟೆ: ಶಾಕ್ ಅಬ್ಸಾರ್ಬರ್‌ಗೆ ಹೊಂದಿಕೊಂಡ ಲಿಂಕ್‌ಗಳನ್ನು ಬದಲಿಸಿ ಹಿಂಭಾಗವನ್ನು 40 ಮಿ.ಮೀ. ಎತ್ತರಿಸಿದ್ದು. ಹಿಂಭಾಗ ಎತ್ತರವಾದರೆ ಇಡೀ ವಾಹನ ಮುಂದಕ್ಕೆ ಬಾಗಿ, ಮುಂದಿನ ಫೋರ್ಕ್ ಸುಮಾರು ಒಂದೂವರೆ ಡಿಗ್ರಿ ನೆಟ್ಟಗಾಗುತ್ತದೆ. ಆಗ ಹ್ಯಾಂಡಲ್ ಹಗುರವಾಗಿ ತಿರುಗುತ್ತದೆ. ಆದರೆ ನೇರ ರಸ್ತೆಯಲ್ಲಿ ವಾಹನವನ್ನು ಸ್ಥಿರವಾಗಿ ಹಿಡಿದಿಡುವ ಗುಣವೂ ಕುಗ್ಗುತ್ತದೆ. ಒಂದನ್ನು ಬಿಟ್ಟುಕೊಡದೆ ಇನ್ನೊಂದನ್ನು ಪಡೆಯಲಾಗದು.

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಪಡೆದದ್ದರ ಸುಖ ಕಂಡೆ. ಬಿಟ್ಟುಕೊಟ್ಟದ್ದೇನೆಂದು ತಿಳಿದದ್ದು ಮರಳುವಾಗ, ಹಾಸನದಿಂದ ಬೆಂಗಳೂರಿಗೆ ಬರುವ ಹೆದ್ದಾರಿಯಲ್ಲಿ. ತೇಪೆ ಹಾಕಿದ ರಸ್ತೆಯ ಮೇಲೆ ವೇಗವಾಗಿ ಹಾದಾಗ ಹ್ಯಾಂಡಲ್ ಎಡಬಲಕ್ಕೆ ಹೊಯ್ದಾಡಿತು. ಹಿಂದೆಯೇ ಲಾರಿಯಿತ್ತು. ನಾನು ಉಳಿದದ್ದು ಜಾಣ್ಮೆಯಿಂದಲ್ಲ.

ಆಮೇಲೆ ಅರಿತದ್ದು ಇನ್ನೂ ನಾಚಿಕೆಗೇಡಿನ ಸಂಗತಿ. ಸವಾರ ಕುಳಿತಾಗ ಇಂಥ ಬೈಕಿನ ಹಿಂಭಾಗ, ಸಸ್ಪೆನ್ಷನ್‌ನ ಒಟ್ಟು ಚಲನೆಯ ಸುಮಾರು ಮೂರನೇ ಒಂದರಷ್ಟು ಕುಸಿಯಬೇಕು. ನನ್ನದು ಅದಕ್ಕಿಂತ 15 ಮಿ.ಮೀ. ಹೆಚ್ಚು ಕುಸಿಯುತ್ತಿತ್ತು. ಅದನ್ನು ಗ್ಯಾರೇಜಿನವರೂ ಅಳೆದಿರಲಿಲ್ಲ, ನಾನೂ ಅಳೆಯಲು ಹೇಳಿರಲಿಲ್ಲ. ಹಳೆಯ ಲಿಂಕ್‌ಗಳನ್ನು ಮತ್ತೆ ಹಾಕಿಸಿ, ಸ್ಪ್ರಿಂಗಿನ ಮೇಲಿನ ರಿಂಗನ್ನು ಕೆಲವು ಸುತ್ತು ಬಿಗಿಗೊಳಿಸಿದಾಗ ನನಗೆ ಬೇಕಿದ್ದ ಚುರುಕು ಬಹುಪಾಲು ದೊರೆಯಿತು. ಅದಕ್ಕೆ ಬೇಕಾದದ್ದು ಅಳತೆಯ ಟೇಪು ಮತ್ತು ಅರ್ಧ ಗಂಟೆಯ ತಾಳ್ಮೆ.

ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆದರೆ ಮಾರ್ಪಡಿಸಿದ ಸೈಲೆನ್ಸರ್ ದೂರದಿಂದಲೇ ಪೊಲೀಸರ ಕಿವಿಗೆ ಬೀಳುತ್ತದೆ. ಚಕ್ರದ ಮರೆಯಲ್ಲಿರುವ ಲಿಂಕ್ ಯಾರ ಕಣ್ಣಿಗೂ ಬೀಳದು. ಆದ್ದರಿಂದ ಇಲ್ಲಿ ಕಾನೂನಿಗಿಂತ ಮೊದಲು ಎಚ್ಚರಗೊಳ್ಳಬೇಕಾದದ್ದು ಗ್ಯಾರೇಜು ಮತ್ತು ಗ್ರಾಹಕ. ಅಳೆಯದೆ ಬಿಚ್ಚಬಾರದು, ಏನನ್ನು ಕಳೆದುಕೊಳ್ಳುತ್ತೀರೆಂದು ಹೇಳದೆ ಜೋಡಿಸಬಾರದು. ಏಕೆಂದರೆ ರಸ್ತೆಯಲ್ಲಿ ನಮ್ಮ ಶೋಕಿಯ ಬೆಲೆ ತೆರುವವರು ನಾವಷ್ಟೇ ಅಲ್ಲ.