ಹಬ್ಬದ ಫಲಕದಲ್ಲಿ ಯಾರ ಮುಖ?

ಕಳೆದ ವರ್ಷ ಧರ್ಮಕೇಂದ್ರವೊಂದರ ವಾರ್ಷಿಕ ಹಬ್ಬಕ್ಕೆ ಹೋಗಿದ್ದೆವು. ದೇವಾಲಯದ ಹೆಬ್ಬಾಗಿಲಿನ ಎರಡೂ ಬದಿಗಳಲ್ಲಿ ಆಳೆತ್ತರವನ್ನೂ ಮೀರಿದ ಫ್ಲೆಕ್ಸ್ ಫಲಕಗಳು ನಿಂತಿದ್ದವು. ಹಬ್ಬಕ್ಕೆ ಶುಭ ಕೋರುವ ಮೂವತ್ತಕ್ಕೂ ಹೆಚ್ಚು ಮಂದಿ ಕೈಮುಗಿದು ನಗುತ್ತಾ ಅವುಗಳಲ್ಲಿ ಸಾಲುಸಾಲಾಗಿ ತುಂಬಿದ್ದರು. ನಮ್ಮ ಜೊತೆ ಬಂದಿದ್ದ ವೃದ್ಧೆಯೊಬ್ಬರು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿ, "ಸಂತ ಸೆಬಾಸ್ತಿಯಾನರು ಎಲ್ಲಿದ್ದಾರೆ ಮಗಾ?" ಎಂದು ಕೇಳಿದರು. ಸಂತರು ಬಲಗಡೆಯ ಮೇಲ್ತುದಿಯಲ್ಲಿ, ಅಂಗೈಯಗಲದ ಜಾಗದಲ್ಲಿ, ಮುದ್ರಕರ ದೂರವಾಣಿ ಸಂಖ್ಯೆಗಿಂತ ತುಸು ದೊಡ್ಡದಾಗಿ ಕಾಣಿಸಿಕೊಂಡಿದ್ದರು.

ಅಂದು ಆ ಪ್ರಶ್ನೆಗೆ ನಕ್ಕು ಸುಮ್ಮನಾದೆವು. ಆದರೆ ಅನಂತರ ಹೋದ ಕಡೆಗಳಲ್ಲೆಲ್ಲ ಅದೇ ಪ್ರಶ್ನೆ ನಮ್ಮನ್ನು ಹಿಂಬಾಲಿಸುತ್ತಿದೆ. ಗುರುದೀಕ್ಷೆಯ ರಜತೋತ್ಸವವಿರಲಿ, ಮಕ್ಕಳ ಮೊದಲ ಪರಮಪ್ರಸಾದ ಸ್ವೀಕಾರವಿರಲಿ, ಕ್ರಿಸ್ಮಸ್ ಗೋದಲಿಯೇ ಇರಲಿ, ಆಚರಣೆ ಯಾರದ್ದೆಂಬುದನ್ನು ಫಲಕದಲ್ಲಿ ಹುಡುಕಿ ತಿಳಿಯಬೇಕಾಗಿದೆ.

ಈ ಬದಲಾವಣೆ ಯಾರ ದುರುದ್ದೇಶದಿಂದಲೂ ಆದುದಲ್ಲ. ಯಂತ್ರದ ಲೆಕ್ಕಾಚಾರದಿಂದ ಆದುದು. ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಒಂದು ಭಾವಚಿತ್ರ ಮುದ್ರಣವಾಗಬೇಕಾದರೆ ಸತುವಿನ ತಗಡಿನಲ್ಲಿ ಅದರ ಬ್ಲಾಕ್ ಮಾಡಿಸಬೇಕಾಗಿತ್ತು. ಸಣ್ಣ ಊರಿನ ಅಚ್ಚುಕೂಟದವರು ಅದನ್ನು ನಗರದಿಂದ ಮಾಡಿಸಿ ತರಿಸಿಕೊಳ್ಳಬೇಕು, ದಿನಗಟ್ಟಲೆ ಕಾಯಬೇಕು, ಹಣ ತೆರಬೇಕು. ಆದುದರಿಂದ ಹಬ್ಬದ ಕರಪತ್ರದಲ್ಲಿ ಪಾಲಕ ಸಂತರ ಚಿತ್ರವೊಂದಿದ್ದರೆ ಅದೇ ಹೆಚ್ಚು. ಬಟ್ಟೆಯ ಮೇಲೆ ಕುಂಚದಿಂದ ಬರೆಯುವ ಕಲಾವಿದನೂ ಅಕ್ಷರದ ಲೆಕ್ಕ ಹಾಕುತ್ತಿದ್ದ; ಬರೆಸುವವರು ಒಂದೊಂದು ಪದವನ್ನೂ ತೂಗಿ ನೋಡುತ್ತಿದ್ದರು. ಇಂದು ಗಣಕಯಂತ್ರದಲ್ಲಿ ಸಿದ್ಧವಾದ ವಿನ್ಯಾಸವನ್ನು ಮುದ್ರಣಯಂತ್ರ ನೇರವಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಶಾಯಿ ಸಿಂಪಡಿಸಿ ಮೂಡಿಸುತ್ತದೆ. ದರ ಚದರ ಅಡಿಯ ಲೆಕ್ಕದಲ್ಲಿ. ಆ ಅಡಿಯೊಳಗೆ ಒಂದು ಮುಖವಿದ್ದರೂ ಅಷ್ಟೇ, ಹತ್ತು ಮುಖಗಳಿದ್ದರೂ ಅಷ್ಟೇ. ಯಾವುದನ್ನು ಬಿಡಬೇಕು ಎಂದು ಯೋಚಿಸುವ ಅಗತ್ಯವೇ ಇಲ್ಲದಂತಾಯಿತು. ಹಿಂದೆ ಬಡತನ ಮಾಡುತ್ತಿದ್ದ ಆಯ್ಕೆಯನ್ನು ಈಗ ವಿವೇಕ ಮಾಡಬೇಕಾಗಿದೆ. ವಿವೇಕಕ್ಕೋ ಪುರುಸೊತ್ತಿಲ್ಲ, ಏಕೆಂದರೆ ಸಂಜೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಫಲಕ ಸಿದ್ಧ.

ಧರ್ಮಸಭೆ ಯಂತ್ರದ ವೈರಿಯೆಂದು ಇದರಿಂದ ಯಾರೂ ತಿಳಿಯಬಾರದು. ಭಾರತ ಕಂಡ ಮೊದಲ ಮುದ್ರಣಯಂತ್ರ 1556ರಲ್ಲಿ ಗೋವೆಯ ಸಂತ ಪೌಲರ ಕಾಲೇಜಿನಲ್ಲಿ, ಯೇಸುಸಭೆಯ ಗುರುಗಳ ಕೈಯಲ್ಲಿ ಕೆಲಸ ಆರಂಭಿಸಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಮೊದಲ ಎರಡು ದಾಖಲೆಗಳು ಪ್ರಕಟವಾದುದು ಒಂದೇ ದಿನ, 1963ರ ಡಿಸೆಂಬರ್ 4ರಂದು. ಒಂದು ದೈವಾರಾಧನೆಯನ್ನು ಕುರಿತದ್ದು, ಇನ್ನೊಂದು ಸಮೂಹ ಮಾಧ್ಯಮಗಳನ್ನು ಕುರಿತದ್ದು. ಮೊದಲನೆಯದು ಪವಿತ್ರ ಕಲೆಯಲ್ಲಿ ಬರಿಯ ಆಡಂಬರವನ್ನಲ್ಲ, ಉದಾತ್ತವಾದ ಸೌಂದರ್ಯವನ್ನು ಅರಸಬೇಕೆಂದಿತು. ಎರಡನೆಯದು ಹೊಸ ಮಾಧ್ಯಮಗಳನ್ನು ಧೈರ್ಯದಿಂದ ಬಳಸಿರೆಂದಿತು. ಅದರ ಫಲವಾಗಿ 1967ರಿಂದ ಪ್ರತಿವರ್ಷ ವಿಶ್ವ ಸಂಪರ್ಕ ಮಾಧ್ಯಮ ದಿನವನ್ನು ಆಚರಿಸುತ್ತಿದ್ದೇವೆ. ಒಂದೇ ದಿನ ಹುಟ್ಟಿದ ಈ ಎರಡರಲ್ಲಿ ಎರಡನೆಯದನ್ನು ಮಾತ್ರ ನಾವು ಉತ್ಸಾಹದಿಂದ ಅಪ್ಪಿಕೊಂಡಂತಿದೆ.

ಫ್ಲೆಕ್ಸ್ ಅನ್ನು ಸಾರಾಸಗಟಾಗಿ ಹಳಿಯುವವರ ಮಾತನ್ನೂ ನಾವು ಒಪ್ಪಲಾರೆವು. ಅದಕ್ಕೊಂದು ಕಾರಣವಿದೆ. ಹಿಂದೆ ತೀರಿಕೊಂಡವರ ಚಿತ್ರ ಪತ್ರಿಕೆಯಲ್ಲಿ ಬರಬೇಕಾದರೆ ಜಾಹೀರಾತಿನ ಹಣ ತೆರುವಷ್ಟು ಅನುಕೂಲ ಆ ಮನೆಯವರಿಗಿರಬೇಕಾಗಿತ್ತು. ಉಳಿದವರ ಸಾವು ದೇವಾಲಯದ ಗಂಟೆಯ ಸದ್ದಿನೊಡನೆ ಮುಗಿಯುತ್ತಿತ್ತು. ಈಗ ತೋಟದ ಕೂಲಿಯಾಳು ತೀರಿಕೊಂಡರೂ ನಾಲ್ಕು ದಾರಿ ಕೂಡುವಲ್ಲಿ ಆತನ ಚಿತ್ರ, ಹೆಸರು, ಬಲಿಪೂಜೆಯ ಸಮಯ ಎಲ್ಲವೂ ಕಾಣುತ್ತವೆ. ಗೆಳೆಯರು ತಲಾ ಐವತ್ತು ನೂರು ರೂಪಾಯಿ ಸೇರಿಸಿ ಹಾಕಿಸಿರುತ್ತಾರೆ. ಅವನ ಮಕ್ಕಳು ಆ ಫಲಕದ ಮುಂದೆ ನಿಂತಿರುವುದನ್ನು ಕಂಡವರು ಅದನ್ನು ಕಸವೆಂದು ಕರೆಯಲು ಹಿಂಜರಿಯುತ್ತಾರೆ. ಬದುಕಿರುವವರೆಗೂ ಯಾರ ಕಣ್ಣಿಗೂ ಬೀಳದವನೊಬ್ಬನಿಗೆ ಈ ಅಗ್ಗದ ಯಂತ್ರ ಮೂರು ದಿನದ ಗೌರವ ಕೊಟ್ಟಿತು. ಅದು ಸಣ್ಣ ಸಂಗತಿಯಲ್ಲ.

ಆದರೆ ಇದೇ ಯಂತ್ರ ಹಬ್ಬದ ದಿನ ತದ್ವಿರುದ್ಧ ಕೆಲಸ ಮಾಡುತ್ತದೆ. ಹಬ್ಬದ ಫಲಕದಲ್ಲಿ ಸ್ಥಾನ ಸಿಗುವುದು ಹಣ ಕೊಟ್ಟವರಿಗೆ. ಕೊಟ್ಟ ಹಣಕ್ಕೆ ತಕ್ಕಂತೆ ಮುಖದ ಗಾತ್ರ. ಯಾರ ಪಕ್ಕ ಯಾರು, ಯಾರ ಕೆಳಗೆ ಯಾರು ಎಂಬುದರಲ್ಲಿ ಮನಸ್ತಾಪ. ನಮ್ಮ ಧರ್ಮಗುರುಗಳನ್ನು ದೂರುವುದು ಸುಲಭ. ದೇವಾಲಯದ ಸೋರುವ ಚಾವಣಿಯನ್ನು ದುರಸ್ತಿ ಮಾಡಿಸಿಕೊಟ್ಟ ದಾನಿ, ಹಬ್ಬದ ಹೊತ್ತಿಗೆ ತಾನೇ ಮುದ್ರಿಸಿ ತಂದ ಫಲಕವನ್ನು ಬೇಡವೆನ್ನಲು ಅವರಿಗೆ ನಾಲಗೆ ಏಳುವುದಿಲ್ಲ. ಆದರೂ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಶುಭಸಂದೇಶವನ್ನು ಒಳಗೆ ಪೀಠದಿಂದ ಓದಿ, ಹೊರಗೆ ಬಂದರೆ ಇಪ್ಪತ್ತು ಅಡಿಯ ಫಲಕ! ಎರಡು ಕಾಸು ಹಾಕಿದ ಬಡ ವಿಧವೆಯ ಭಾವಚಿತ್ರ ಯಾವ ಹಬ್ಬದ ಫಲಕದಲ್ಲೂ ನಾವು ಕಂಡಿಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣದಂಥದು. ಹಬ್ಬಕ್ಕೆ ವಾರವಿರುವಾಗಲೇ ಯುವಜನರು ಸೇರಿ ಬಣ್ಣದ ಕಾಗದ ಕತ್ತರಿಸಿ, ಮೈದಾಹಿಟ್ಟಿನ ಅಂಟು ಕಾಯಿಸಿ, ಎಳೆಯ ತೆಂಗಿನ ಗರಿ ಹೆಣೆದು ತೋರಣ ಕಟ್ಟುತ್ತಿದ್ದರು. ಕ್ರಿಸ್ಮಸ್ಸಿಗೆ ಬಿದಿರಿನ ಕಡ್ಡಿಗಳ ನಕ್ಷತ್ರ ಮನೆಮನೆಯಲ್ಲೂ ಸಿದ್ಧವಾಗುತ್ತಿತ್ತು. ಅವು ಅಂದವಾಗಿರುತ್ತಿದ್ದವು ಎಂದು ನಾವು ಹೇಳುವುದಿಲ್ಲ. ಎಷ್ಟೋ ನಕ್ಷತ್ರಗಳು ಒಂದು ಕಡೆ ವಾಲಿರುತ್ತಿದ್ದವು. ಆದರೆ ಕೊಡಲು ಹಣವಿಲ್ಲದ ಹುಡುಗನಿಗೂ ಹಬ್ಬದಲ್ಲಿ ಒಂದು ಪಾಲು ಅದರಿಂದ ಸಿಗುತ್ತಿತ್ತು. ಮುದ್ರಿಸಿ ತಂದ ಅಲಂಕಾರದಲ್ಲಿ ಅವನಿಗೆ ಉಳಿದಿರುವ ಕೆಲಸ ಏಣಿ ಹಿಡಿಯುವುದು ಮಾತ್ರ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯವನ್ನು ನೋಡದವರು ನಮ್ಮಲ್ಲಿ ವಿರಳ. ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೆನಿ 20ನೆಯ ಶತಮಾನ ಹುಟ್ಟುವ ಹೊತ್ತಿಗೆ ಅದರ ಗೋಡೆ ಚಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರದಲ್ಲಿ ಗಾರೆ ಒಣಗುವ ಮುನ್ನ ಅಷ್ಟು ಭಾಗವನ್ನು ಮುಗಿಸಲೇಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಗಾರೆ ಬಳಿಯಬೇಕು. 1905ರಲ್ಲಿ ಅವರು ಕೊಚ್ಚಿಯಲ್ಲಿ ತೀರಿಕೊಂಡರು. ಪ್ರತಿ ಧರ್ಮಕೇಂದ್ರಕ್ಕೂ ಒಬ್ಬ ಮೊಸ್ಕೆನಿ ಸಿಗಲಾರರು, ನಿಜ. ಆದರೆ ಸಂತರ ಚಿತ್ರ ಬರೆಯುವವನು ಆ ಸಂತರನ್ನು ಅರಿತಿರಬೇಕೆಂಬುದು ಅವರ ಕೆಲಸದಿಂದ ತಿಳಿಯುತ್ತದೆ.

ಈಗ ಆ ಅರಿವೂ ಅಪಾಯದಲ್ಲಿದೆ. ಸಂತ ಅಂತೋನಿಯವರ ಕೈಯಲ್ಲಿ ಬಾಲಯೇಸು ಮತ್ತು ಲಿಲ್ಲಿ ಹೂ, ಸಂತ ಲಾರೆನ್ಸರ ಬಳಿ ಕಬ್ಬಿಣದ ಸರಳುಗಳ ಹಂದರ, ಸಂತ ಸೆಬಾಸ್ತಿಯಾನರ ಮೈಯಲ್ಲಿ ಬಾಣಗಳು — ಇವೆಲ್ಲ ಅಕ್ಷರ ಬಾರದ ನಮ್ಮ ಹಿರಿಯರು ಓದಿದ ಪಾಠಗಳು. ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಸಂತರ ಹೆಸರು ಹೇಳಿದರೆ ಕ್ಷಣದಲ್ಲಿ ಹೊಳೆಯುವ ಚಿತ್ರವೊಂದು ಬರುತ್ತದೆ. ಮುಖ ಚಲನಚಿತ್ರ ನಟನಂತೆ, ಉಡುಪು ಯಾವ ಸಭೆಗೂ ಸೇರದ್ದು, ಕೆಲವೊಮ್ಮೆ ಕೈಗೆ ಆರು ಬೆರಳು. ಅದನ್ನೇ ನವೇನದ ಕರೆಯೋಲೆಗೆ ಹಾಕಿ ವಾಟ್ಸ್ಆ್ಯಪ್‌ನಲ್ಲಿ ಹಂಚಿದ್ದನ್ನು ಕಂಡಿದ್ದೇವೆ. ಜಗದ್ಗುರು ಫ್ರಾನ್ಸಿಸ್‌ರವರು 2024ರ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಕೃತಕ ಬುದ್ಧಿಮತ್ತೆ ಮತ್ತು ಹೃದಯದ ವಿವೇಕ ಎಂಬ ವಿಷಯಕ್ಕೇ ಮೀಸಲಿಟ್ಟಿದ್ದರು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋರವರು ತಾವು ಆ ಹೆಸರು ಆರಿಸಿಕೊಂಡುದಕ್ಕೆ ಕಾರಣ ಹೇಳುವಾಗಲೂ ಇದೇ ವಿಷಯವನ್ನೆತ್ತಿದರು. ರೋಮಿನಲ್ಲಿ ಚಿಂತಿಸುತ್ತಿರುವುದನ್ನು ನಮ್ಮ ಪಾಲನಾ ಸಮಿತಿಗಳು ಚಿಂತಿಸಬಾರದೆಂದೇನಿಲ್ಲ.

ಹಬ್ಬ ಮುಗಿದ ಮೇಲಿನ ಕಥೆಯನ್ನು ಹೇಳದಿರುವುದೇ ಲೇಸು. ನಮ್ಮ ರಾಜ್ಯ ಸರಕಾರ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲಗಳೊಡನೆ ಫ್ಲೆಕ್ಸ್, ಪ್ಲಾಸ್ಟಿಕ್ ತೋರಣ, ಬಾವುಟಗಳನ್ನೂ ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಅದಕ್ಕೂ ಮೊದಲು 2015ರಲ್ಲಿ 'ಲೌದಾತೊ ಸಿ' ವಿಶ್ವಪತ್ರ ಬಂದಿತ್ತು. ಅದನ್ನು ಕುರಿತ ವಿಚಾರಸಂಕಿರಣಕ್ಕೂ ಫ್ಲೆಕ್ಸ್ ಕಟ್ಟಿದವರಿದ್ದಾರೆ. ಕೆಳಗಿಳಿಸಿದ ಫಲಕ ಕೊಳೆಯುವುದಿಲ್ಲ, ಸುಟ್ಟರೆ ವಿಷದ ಹೊಗೆ. ಕೊನೆಗದು ಹಿತ್ತಿಲಿನ ಕಟ್ಟಿಗೆ ರಾಶಿಗೆ ಹೊದಿಕೆಯಾಗುತ್ತದೆ. ಮಳೆಗಾಲವಿಡೀ ಹಬ್ಬದ ಶುಭ ಕೋರಿದವರು ಅಲ್ಲಿ ನೆನೆಯುತ್ತಾ, ಕೈಮುಗಿದು ನಗುತ್ತಿರುತ್ತಾರೆ.

ಈ ಅಂಕಣದ ಓದುಗರಲ್ಲಿ ಪಾಲನಾ ಸಮಿತಿಗಳ ಸದಸ್ಯರು ಅನೇಕರಿದ್ದೀರಿ. ತಮ್ಮಲ್ಲಿ ನಮ್ಮ ಕೋರಿಕೆ ಇಷ್ಟೇ. ಹಬ್ಬದ ಮೊದಲ ಸಭೆಯಲ್ಲಿಯೇ, ಹಣ ಸಂಗ್ರಹಕ್ಕೆ ಹೊರಡುವ ಮುನ್ನ, ದೇವಾಲಯದ ಆವರಣದೊಳಗೆ ಬದುಕಿರುವ ಯಾರ ಭಾವಚಿತ್ರವೂ ಬೇಡವೆಂದು ನಿರ್ಣಯ ಮಾಡಿರಿ. ಧರ್ಮಗುರುಗಳದ್ದೂ ಬೇಡ, ಸಂಪಾದಕರದ್ದೂ ಬೇಡ. ದಾನಿಗಳ ಹೆಸರುಗಳನ್ನು ಲೆಕ್ಕಪತ್ರದೊಡನೆ, ಕೊಟ್ಟ ಮೊತ್ತ ಎಷ್ಟೇ ಇರಲಿ ಒಂದೇ ಗಾತ್ರದ ಅಕ್ಷರದಲ್ಲಿ, ಸೂಚನಾ ಫಲಕಕ್ಕೆ ಅಂಟಿಸಿದರೆ ಸಾಕು. ದಾರಿತಪ್ಪಿದ ಚಿತ್ರಗಳು ನುಸುಳದಂತೆ ಸಂತರ ಚಿತ್ರವನ್ನು ದೇವಾಲಯದಲ್ಲಿರುವ ಸ್ವರೂಪದಿಂದಲೇ ತೆಗೆದುಕೊಳ್ಳಲಿ. ಫ್ಲೆಕ್ಸ್ ಮುದ್ರಿಸುವ ಅಂಗಡಿಯವರು ನಮ್ಮವರೇ, ಸಾಲ ಮಾಡಿ ಯಂತ್ರ ತಂದವರು. ಈಗ ಬಟ್ಟೆಯ ಮೇಲೆ ಮುದ್ರಿಸುವ ಯಂತ್ರಗಳೂ ಇವೆ. ಅವರಿಗೆ ಆ ಕೆಲಸವನ್ನು ಕೊಡಬಹುದು.

ಹೆಬ್ಬಾಗಿಲಿನ ಒಂದು ಫಲಕವನ್ನಾದರೂ ಕೈಯಿಂದ ಬರೆಸಿರಿ. ಕುಂಚ ಹಿಡಿದು ನಾಮಫಲಕ ಬರೆಯುತ್ತಿದ್ದವರು ಕೆಲವು ಊರುಗಳಲ್ಲಿ ಇನ್ನೂ ಇದ್ದಾರೆ. ಈಗ ಗೋಡೆಗೆ ಸುಣ್ಣಬಣ್ಣ ಬಳಿದು ಜೀವನ ಸಾಗಿಸುತ್ತಿದ್ದಾರೆ. ಬಣ್ಣ ಒಣಗಲು ಸಮಯ ಬೇಕಾದುದರಿಂದ ನವೇನ ಆರಂಭವಾಗುವ ಎರಡು ವಾರ ಮೊದಲೇ ಅವರಿಗೆ ಹೇಳಿಡಬೇಕು.